ಎಣ್ಣೆ ಕುಡಿಯದ ಗಾಡಿ

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವುದಕ್ಕೆ ಮುಂಚೆ ಅಮ್ಮ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಎರಡು ಸಲ ಬಡಿಯುತ್ತಿದ್ದಳು. ಮುಂದಿನ ಕೋಣೆಯಿಂದ ಅಪ್ಪ ಸ್ಪ್ಯಾನರಿನಲ್ಲಿ ಕಬ್ಬಿಣದ ಮೇಜಿಗೆ ಎರಡೇಟು ಹಾಕಿದರೆ ಕಡ್ಡಿ ಗೀರಬಹುದು. ಒಂದೇ ಏಟು ಹಾಕಿದರೆ ಅಲ್ಲಿ ಯಾವುದೋ ಮೋಟಾರ್ ಸೈಕಲ್ಲಿನ ಕಾರ್ಬೊರೇಟರ್ ಬಿಚ್ಚಿದೆ, ಪೆಟ್ರೋಲು ಬಟ್ಟಲಲ್ಲಿದೆ, ಒಲೆಯ ಮಾತು ಎತ್ತಬೇಡ ಎಂದರ್ಥ. ಇದ್ದದ್ದೇ ಎರಡು ಕೋಣೆ. ಹೊಸದುರ್ಗದ ರಸ್ತೆಗೆ ಮುಖ ಮಾಡಿದ್ದು ಅಪ್ಪನ ಗ್ಯಾರೇಜು. ಹಿಂದಿನದೇ ಅಡುಗೆಮನೆ, ದೇವರ ಮನೆ, ಮಲಗುವ ಮನೆ, ನಾನು ಮಗ್ಗಿ ಬಾಯಿಪಾಠ ಮಾಡುವ ಮನೆ. ನಡುವೆ ಒಂದು ಹೊಸ್ತಿಲು. ಮುಂದೆ ಪೆಟ್ರೋಲು, ಹಿಂದೆ ಬೆಂಕಿ, ಎರಡೂ ಒಟ್ಟಿಗೆ ಎಚ್ಚರವಾಗಿರಕೂಡದು ಎಂಬುದು ಆ ಮನೆಯ ಕಾನೂನು. ಹೀಗಾಗಿ ನಾವು ಹಸಿವಾದಾಗ ಉಂಡವರಲ್ಲ, ಕಾರ್ಬೊರೇಟರ್ ಮುಚ್ಚಿದಾಗ ಉಂಡವರು. ಹಿಟ್ಟು ಕಲಸಿಟ್ಟುಕೊಂಡು ಎರಡನೇ ಏಟಿಗಾಗಿ ಕಿವಿಗೊಟ್ಟು ಕೂತ ಅಮ್ಮನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ನಿಮ್ಮ ಒಂದೇಟು ಕೇಳೀ ಕೇಳೀ ಸಾಕಾತು ನಂಗೆ. ಆ ಸ್ಪ್ಯಾನರಿಗೆ ಇನ್ನೊಂದೇಟು ಹೊಡೆಯೋಕೆ ಶಕ್ತಿ ಇಲ್ಲೇನ್ರಿ?”

“ಐತೆ ಕಣೆ. ಮನೆ ಉರಿದು ಹೋದ್ರೆ ಕಟ್ಟೋಕೆ ಶಕ್ತಿ ಇಲ್ಲ.”

ಈ ಜಗಳ ದಿನಕ್ಕೊಂದು ಸಲ ಇದ್ದೇ ಇತ್ತು. ಅದರ ಬೆನ್ನಿಗೇ ಬರುತ್ತಿದ್ದದ್ದು ಮಧ್ಯಾಹ್ನದ ಆಟ. ಸಾರು ಕುದಿ ಬರುವ ಹೊತ್ತಿಗೆ ಅಪ್ಪ ಕೆಲಸ ಬಿಡದೆ, ತಲೆ ಎತ್ತದೆ, ಮೂಗನ್ನಷ್ಟೇ ಸ್ವಲ್ಪ ಮೇಲೆ ಮಾಡಿ, ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದ. “ಕಮಲೀ, ಇವತ್ತು ಅವರೆಕಾಳು ಸಾರು. ಬೆಳ್ಳುಳ್ಳಿ ಒಂದೆಸಳು ಜಾಸ್ತಿ ಆತು ನೋಡು.” ಬೆಂಚಿನ ಮೇಲೆ ಕೂತ ಗಿರಾಕಿಗಳು ನಗುತ್ತಿದ್ದರು. ಅಮ್ಮ ಒಳಗಿಂದ ಹ್ಞೂಂ ಎನ್ನುತ್ತಿರಲಿಲ್ಲ, ಆದರೆ ಅವಳ ಕೈ ಆಗ ಚುರುಕಾಗುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಹುರುಳಿ, ಬಸ್ಸಾರು, ಮಸೊಪ್ಪು, ಏನೇ ಇರಲಿ ಅಪ್ಪ ತಪ್ಪಿದ್ದಿಲ್ಲ. ಅದೇ ಮೂಗಿನಿಂದ ಅವನು ಗಾಡಿಗಳನ್ನೂ ಓದುತ್ತಿದ್ದ. ಹೊಗೆ ಮೂಸಿ ಪೆಟ್ರೋಲು ಜಾಸ್ತಿ ಹೋಗುತ್ತಿದೆ ಎನ್ನುತ್ತಿದ್ದ, ಕ್ಲಚ್ ಸುಟ್ಟಿದೆ ಎನ್ನುತ್ತಿದ್ದ. ಹನುಮಂತಪ್ಪನ ಕಿವಿ ಅರ್ಧ, ಮೂಗು ಅರ್ಧ, ಕೈ ಬರೀ ನೆಪಕ್ಕೆ ಎಂದು ಪೇಟೆಯವರು ಹೇಳುವುದಿತ್ತು. ಅಪ್ಪನಿಗೆ ಆ ಮಾತು ಬಹಳ ಇಷ್ಟ.

ಅಮ್ಮ ಮಾತ್ರ ಗ್ಯಾರೇಜಿಗೆ ಕಾಲಿಡುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಗಂಡಸರು ಬೆಂಚಿನ ಮೇಲೆ ಹರಟೆ ಹೊಡೆಯುತ್ತ ಕೂರುವ ಜಾಗ, ನನಗೇನು ಕೆಲಸ ಅಲ್ಲಿ ಎಂದು ಅವಳೇ ಹೊಸ್ತಿಲಿಗೆ ನಿಂತುಬಿಡುತ್ತಿದ್ದಳು. ಅವಳ ತವರು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ. ಶೇಂಗಾ ಬೆಳೆಯುವ ಒಣ ಊರು, ಮನೆಯಲ್ಲೇ ಗಾಣ. ನಮ್ಮ ತಾತ ಹಿರಿಯೂರಿನ ಸಂತೆಗೆ ಎಣ್ಣೆ ಹೊರಡಿಸುವ ಮುಂಚೆ ಪ್ರತಿ ಡಬ್ಬಿಯಿಂದ ಒಂದು ಹನಿ ಮಗಳ ಅಂಗೈಗೆ ಬಿಡುತ್ತಿದ್ದರಂತೆ. ಅವಳು ಎರಡು ಬೆರಳಲ್ಲಿ ಉಜ್ಜಿ, ಮೂಸಿ, ಇದು ಹಳೇ ಕಾಯಿಯದು, ಇದಕ್ಕೆ ಕಮಟು ಬಂದಿದೆ, ಇದಕ್ಕೆ ಯಾರೋ ಬೇರೆ ಎಣ್ಣೆ ಬೆರೆಸಿದ್ದಾರೆ ಎಂದು ಹೇಳಿದರೆ ಆ ಡಬ್ಬಿ ಗಾಡಿ ಹತ್ತುತ್ತಿರಲಿಲ್ಲ. “ಆ ಎಣ್ಣೆ ಮನೆಯಿಂದ ಈ ಎಣ್ಣೆ ಮನೆಗೆ ಬಂದು ಬಿದ್ದೆ, ಅಲ್ಲಿ ತಿನ್ನಬಹುದಿತ್ತು, ಇಲ್ಲಿ ತೊಳೀಬೇಕು,” ಎಂದು ಅಪ್ಪನ ಅಂಗಿ ಒಗೆಯುವಾಗ ಗೊಣಗುತ್ತಿದ್ದಳು. ಗ್ಯಾರೇಜಿನಿಂದ ಅವಳಿಗೆ ಬೇಕಾಗುತ್ತಿದ್ದದ್ದು ಒಂದೇ ವಸ್ತು, ಗಾಡಿಗಳಿಂದ ಇಳಿಸಿದ ಹಳೇ ಎಂಜಿನ್ ಎಣ್ಣೆ. ನಮ್ಮ ಮನೆಯ ಬಾಗಿಲ ಚೌಕಟ್ಟು, ಕಂಬ, ಸೌದೆ ಅಟ್ಟ ಎಲ್ಲಕ್ಕೂ ಗೆದ್ದಲು ಹತ್ತುತ್ತಿತ್ತು. ತಿಂಗಳಿಗೊಂದು ಸಲ ಅಮ್ಮ ಹಳೇ ಬಟ್ಟೆ ಅದ್ದಿಕೊಂಡು ಆ ಕಪ್ಪು ಎಣ್ಣೆಯನ್ನು ಮರಕ್ಕೆಲ್ಲ ಬಳಿಯುತ್ತಿದ್ದಳು. ಅದು ಗಟ್ಟಿಯಾಗಿ ಅಂಟಿಕೊಂಡು ಕೂತರೆ ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಜ್ವರ ಬಂತು. ಎರಡು ವಾರ ಮಲಗಿದ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದ, ಎದ್ದ. ಎದ್ದ ಮೇಲೆ ಎಲ್ಲ ಮೊದಲಿನಂತೆಯೇ ಇತ್ತು, ಒಂದು ಹೊಸ ಆಟದ ಹೊರತು. ಮಧ್ಯಾಹ್ನ ನಾನು ಸ್ಕೂಲಿನಿಂದ ಊಟಕ್ಕೆ ಬಂದಾಗ ಅಪ್ಪ ನನ್ನನ್ನು ಹತ್ತಿರ ಕರೆದು, ಪೆಪ್ಪರ್‌ಮಿಂಟ್ ಕೈಗಿಟ್ಟು, ಕಿವಿಯಲ್ಲಿ ಕೇಳುತ್ತಿದ್ದ.

“ಲೇ ಮಂಜಿ, ಒಳಗೆ ಹೋಗಿ ನೋಡ್ಕಂಡು ಬಾ. ಏನ್ ಸಾರು?”

ನಾನು ನೋಡಿಕೊಂಡು ಬಂದು ಹೇಳುತ್ತಿದ್ದೆ. ಅವನು ಸ್ವಲ್ಪ ಹೊತ್ತು ಬಿಟ್ಟು ಮೂಗು ಮೇಲೆತ್ತಿ ಕೂಗುತ್ತಿದ್ದ. ಅಮ್ಮನಿಗೆ ಟೋಪಿ ಹಾಕುವ ಆಟ ಇದು, ಅದರಲ್ಲಿ ನನಗೂ ಪಾಲಿದೆ ಎಂದು ನನಗೆ ಖುಷಿಯೋ ಖುಷಿ. ಒಬ್ಬ ಮನುಷ್ಯ ತನ್ನ ಮನೆಯ ಅಡುಗೆಯ ವಾಸನೆಯನ್ನು ಇನ್ನೊಬ್ಬರಿಂದ ಕೇಳಿ ತಿಳಿಯುತ್ತಿದ್ದಾನೆ ಎಂದರೆ ಏನರ್ಥ ಎಂದು ಯೋಚಿಸುವ ವಯಸ್ಸಲ್ಲ. ಪೆಪ್ಪರ್‌ಮಿಂಟ್ ಸಿಗುತ್ತಿತ್ತಲ್ಲ, ಸಾಕಿತ್ತು.

ಆ ದಿನಗಳಲ್ಲಿ ನಮ್ಮ ಗ್ಯಾರೇಜಿಗೆ ದೊಡ್ಡ ಹೆಸರು ತಂದ ಗಾಡಿಯೊಂದಿತ್ತು. ದನದ ಆಸ್ಪತ್ರೆಯ ಕಾಂಪೌಂಡರ್ ತಿಪ್ಪೇಸ್ವಾಮಿಯದು. ಈ ಕಡೆ ಹೊಸದುರ್ಗದ ಗಡಿಯವರೆಗೆ, ಆ ಕಡೆ ಚಿತ್ರದುರ್ಗದ ದಾರಿಯ ಹಳ್ಳಿಗಳವರೆಗೆ ಅವನು ಸುತ್ತದ ಊರಿಲ್ಲ. ಹಿಂದಿನ ಸೀಟಿಗೆ ಔಷಧದ ಪೆಟ್ಟಿಗೆ, ಹ್ಯಾಂಡಲಿಗೆ ಹಗ್ಗ. ಅಷ್ಟು ಓಡುವ ಗಾಡಿಗಳ ಎಂಜಿನ್ನು ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪ ಎಣ್ಣೆ ತಿನ್ನುತ್ತದೆ, ಆಗಾಗ ನೋಡಿ ಹಾಕುತ್ತಿರಬೇಕು. ಆದರೆ ಇವನ ಗಾಡಿಯಲ್ಲಿ ಎಣ್ಣೆ ಇಳಿಯುತ್ತಲೇ ಇರಲಿಲ್ಲ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದಾಗಲೆಲ್ಲ ಮೇಲಿನ ಗೆರೆಯಲ್ಲೇ, ಕೆಲವು ಸಲ ಗೆರೆಗಿಂತಲೂ ಮೇಲೆ. ಕಾಂಪೌಂಡರ್ ಆ ಕಡ್ಡಿಯನ್ನು ಬೆಂಚಿನ ಮೇಲಿದ್ದ ಎಲ್ಲರಿಗೂ ತೋರಿಸುತ್ತಿದ್ದ.

“ನೋಡ್ರಪ್ಪ, ನೋಡ್ರಿ. ಒಂದು ಹನಿ ಕುಡಿದಿಲ್ಲ. ಹನುಮಣ್ಣ ಕೈ ಇಟ್ಟ ಮೇಲೆ ಗಾಡಿ ಉಪವಾಸ ಕುಂತೈತೆ.”

ಅಪ್ಪ ತಲೆ ತಗ್ಗಿಸಿಕೊಂಡು ನಗುತ್ತಿದ್ದ. ಆಮೇಲೆ ತಿಳಿದ ವಿಷಯ ಹೇಳುತ್ತೇನೆ. ಕಾಂಪೌಂಡರ್ ಮನೆಯಲ್ಲಿ ತಾನೇ ಎಣ್ಣೆ ಹಾಕಿಕೊಂಡು ಬಂದು ಗ್ಯಾರೇಜಿನ ಮಾನ ಹೆಚ್ಚಿಸುತ್ತಿದ್ದಾನೆ ಎಂದು ಅಪ್ಪ ತಿಳಿದಿದ್ದ. ಇದೆಲ್ಲ ಅಪ್ಪನ ಕೈಗುಣ ಎಂದು ಕಾಂಪೌಂಡರ್ ತಿಳಿದಿದ್ದ. ಇಬ್ಬರಿಗೂ ಸಂತೋಷವಾಗಿತ್ತು, ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಗೆರೆ ದಾಟಿ ಎಣ್ಣೆ ಏರುತ್ತಿದೆಯಲ್ಲ, ಅದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಆ ಬೆಂಚಿನ ಮೇಲೆ ಯಾರಿಗೂ ಹೊಳೆಯಲಿಲ್ಲ. ಅಷ್ಟು ಜನ ಬುದ್ಧಿವಂತರು ಒಟ್ಟಿಗೆ ಮೋಸ ಹೋದದ್ದನ್ನು ನಾನು ಮತ್ತೆ ನೋಡಿಲ್ಲ.

ಒಂದು ದಿನ ಬೆಳಗ್ಗೆ ಅಪ್ಪ ನನಗೆ ಬೈದ. ಕಾರ್ಬೊರೇಟರಿನ ತಟ್ಟೆಯಿಂದ ಒಂದು ಸಣ್ಣ ಹಿತ್ತಾಳೆ ತಿರುಪನ್ನು ಎತ್ತಿಕೊಂಡು ಆಡಿದ್ದೆ, ಅದು ಕಳೆದಿತ್ತು. ನನಗೆ ಸಿಟ್ಟು ಬಂತು. ಮಧ್ಯಾಹ್ನ ಅಪ್ಪ ಏನ್ ಸಾರು ಎಂದು ಕೇಳಿದಾಗ ಒಳಗೆ ಅಮ್ಮ ಒಣಮೀನು ಹುರಿಯುತ್ತಿದ್ದಳು. ಒಣಮೀನು ಹುರಿದರೆ ನಮ್ಮ ಬೀದಿಗೆ ಮಾತ್ರವಲ್ಲ, ಬಸ್‌ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟುತ್ತದೆ. ನಾನು ಮುಖ ಗಂಭೀರ ಮಾಡಿಕೊಂಡು “ಹೆಸರುಕಾಳು” ಎಂದೆ. ಅಪ್ಪ ಮೂಗು ಮೇಲೆತ್ತಿದ, ಗಾಳಿ ಎಳೆದುಕೊಂಡ, ತೃಪ್ತಿಯಿಂದ ಕೂಗಿದ.

“ಕಮಲೀ, ಹೆಸರುಕಾಳು ಸಾರು. ಘಮ್ ಅಂತೈತೆ.”

ಬೆಂಚು ಬಿದ್ದು ಬಿದ್ದು ನಕ್ಕಿತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ಅಪ್ಪ ನನ್ನ ಮುಖ ನೋಡಿದ. ನಾನು ಆ ನೋಟವನ್ನು ಮರೆತಿಲ್ಲ. ಒಳಗೆ ಅಮ್ಮನ ಸೌಟು ನಿಂತುಹೋಗಿತ್ತು. ಊಟಕ್ಕೆ ಬಡಿಸಿ ಅವಳು ಅಪ್ಪನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಅದೇ ವಾರ ಅಪ್ಪ ಕಾಂಪೌಂಡರನ ಗಾಡಿಗೆ ಎಣ್ಣೆ ಬದಲಿಸಿ ಕಳಿಸಿದ. ಗಾಡಿ ಓಡಿಸಿ ಎಂಜಿನ್ ಬಿಸಿ ಇರುವಾಗಲೇ ಹಳೇ ಎಣ್ಣೆ ಇಳಿಸುವುದು ರೂಢಿ, ಬಿಸಿ ಎಣ್ಣೆ ಹೇಗೂ ತೆಳ್ಳಗೇ ಹರಿಯುತ್ತದೆ, ಹೀಗಾಗಿ ಅವನ ಕಣ್ಣಿಗೆ ಏನೂ ಕಾಣಲಿಲ್ಲ. ಆ ಎಣ್ಣೆಯ ಡಬ್ಬಿ ಅಮ್ಮನ ಪಾಲಿಗೆ ಬಂತು. ಮಾರನೇ ಬೆಳಗ್ಗೆ ಅವಳು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬಳಿದಳು. ಎಣ್ಣೆ ಮರಕ್ಕೆ ಅಂಟಲಿಲ್ಲ, ನೀರಿನ ಹಾಗೆ ಇಳಿದು ನೆಲಕ್ಕೆ ಬಂತು. ಅಷ್ಟರಲ್ಲಿ ಒಲೆಯ ಹೊತ್ತಾಗಿ ಅವಳು ಮುಚ್ಚಳ ಬಡಿದಿದ್ದಳು, ಅಪ್ಪ ಎರಡೇಟು ಹಾಕಿದ್ದ, ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಎಣ್ಣೆಯನ್ನು ಬೆರಳಲ್ಲಿ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು. ಆಮೇಲೆ ಅಪ್ಪನನ್ನು ಹೊಸ್ತಿಲಿಗೆ ಕರೆದಳು.

“ಇದರಾಗೆ ಪೆಟ್ರೋಲ್ ಐತೆ ಕಣ್ರಿ. ಬಹಳ ಐತೆ.”

ಅಪ್ಪ ಡಬ್ಬಿ ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ನಾನು ಪಕ್ಕದಲ್ಲೇ ಇದ್ದೆ. ಆ ಡಬ್ಬಿಯ ನಾತಕ್ಕೆ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಅಪ್ಪ ನಿಧಾನವಾಗಿ ಮೂಸಿ, “ಎಲ್ಲೈತೆ? ಬರೀ ಎಣ್ಣೆ,” ಎಂದ.

ಅಮ್ಮ ಅವನನ್ನೇ ನೋಡಿದಳು. ಆಮೇಲೆ ಕೇಳಿದ ದನಿ ಜಗಳದ ದನಿಯಾಗಿರಲಿಲ್ಲ.

“ಜ್ವರ ಬಂದಾಗಿನಿಂದಲೇನ್ರಿ?”

ಅಪ್ಪ ಹೊಸ್ತಿಲ ಮೇಲೆ ಕೂತ. ಹೂಂ ಎಂದ. ಊದುಬತ್ತಿ ಇಲ್ಲ, ಮಲ್ಲಿಗೆ ಇಲ್ಲ, ಪೆಟ್ರೋಲಿಲ್ಲ, ಬಾಯಿಗಿಟ್ಟದ್ದರಲ್ಲಿ ಉಪ್ಪು ಹುಳಿ ಖಾರ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ ಎಂದ. ಯಾರಿಗೂ ಹೇಳದೆ ಚಿತ್ರದುರ್ಗದಲ್ಲಿ ಡಾಕ್ಟರಿಗೆ ತೋರಿಸಿದ್ದನಂತೆ, ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ. ಅಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಕಾವಲಿನ ಕೆಲಸಕ್ಕೂ ಮಾತಾಡಿ ಬಂದಿದ್ದ. ಬರುವ ಹಬ್ಬದ ಹೊತ್ತಿಗೆ ಗ್ಯಾರೇಜು ಮುಚ್ಚುವುದು ಎಂದು ತೀರ್ಮಾನಿಸಿಯೂ ಆಗಿತ್ತು.

“ಮೂಗಿಲ್ಲದೋನು ಗಾಡಿ ಮುಟ್ಟಬಾರದು ಕಮಲಿ. ಇವತ್ತು ನಿನ್ನ ಒಲೆಗೆ ಎರಡೇಟು ಹಾಕಿದೆ. ಕಡ್ಡಿ ಗೀರಿದ್ರೆ?”

“ಗೀರಿಲ್ಲವಲ್ಲ. ಮೊದಲು ಕಾಂಪೌಂಡರನ್ನ ಹುಡುಕ್ರಿ. ಮಿಲ್ಲಿನ ಮಾತು ಆಮೇಲೆ.”

ಎಂಜಿನ್ ಎಣ್ಣೆಗೆ ಪೆಟ್ರೋಲು ಬೆರೆತರೆ ಎಣ್ಣೆ ತೆಳುವಾಗಿ ಒಳಗಿನ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಓಡುವಾಗಲೇ ಎಂಜಿನ್ನು ಹಿಡಿದುಕೊಂಡು ಥಟ್ಟನೆ ನಿಂತುಬಿಡಬಹುದು. ಸವಾರನನ್ನು ರಸ್ತೆಗೆ ಎತ್ತಿ ಒಗೆದರೂ ಒಗೆಯಿತು. ಆದರೆ ಕಾಂಪೌಂಡರ್ ಕಾಲುಬಾಯಿ ಜ್ವರದ ಲಸಿಕೆಗೆಂದು ಹಳ್ಳಿ ಸುತ್ತಲು ಹೋಗಿದ್ದ. ಅಪ್ಪ ಬಸ್ಸಿನ ಕಂಡಕ್ಟರುಗಳ ಕೈಲಿ ಹೇಳಿ ಕಳಿಸಿದ. ಎಂಟು ದಿನ ಸುದ್ದಿ ಬರಲಿಲ್ಲ. ಮಧ್ಯಾಹ್ನದ ಕೂಗು ನಿಂತುಹೋಯಿತು. ನಾನು ಪೆಪ್ಪರ್‌ಮಿಂಟ್ ಕೊಟ್ಟರೂ ಬೇಡ ಎಂದೆ. ಒಣಮೀನಿನ ದಿನ ಸುಳ್ಳು ಹೇಳಿದ್ದು ನಾನು, ಹೀಗಾಗಿ ಗ್ಯಾರೇಜು ಮುಚ್ಚುತ್ತಿರುವುದು ನನ್ನಿಂದಲೇ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅಮ್ಮನ ಸೆರಗಿನಲ್ಲಿ ಮುಖ ಇಟ್ಟು ಹೇಳಿಯೂ ಬಿಟ್ಟೆ. ಅವಳು ನನ್ನ ತಲೆಗೆ ಮೆಲ್ಲಗೆ ಮೊಟಕಿ, ನೀನು ಆ ಸುಳ್ಳು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಬಿಡು ಎಂದಳು.

ಒಂಬತ್ತನೇ ದಿನ ಕಾಂಪೌಂಡರ್ ಬಂದ. ಗಾಡಿಯನ್ನು ತಳ್ಳಿಕೊಂಡು ಬಂದ. ಸಂತೆಯ ದಿನ, ಬೆಂಚು ತುಂಬಿತ್ತು. ಎಳೆಯುವ ಶಕ್ತಿ ಹೋಗಿದೆ, ಹೊಗೆ ಉಗುಳುತ್ತದೆ, ಬೆಳಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಗುತ್ತದೆ. ಚಿತ್ರದುರ್ಗದಲ್ಲಿ ಯಾರಿಗೋ ತೋರಿಸಿದನಂತೆ.

“ಎಂಜಿನ್ ಹೋಗೈತಂತೆ ಹನುಮಣ್ಣ. ಪೂರ್ತಿ ಬಿಚ್ಚಿ ಸಿಲಿಂಡರಿಗೆ ಬೋರು ಹೊಡೆಸಬೇಕಂತೆ. ನೀನು ಕೈ ಇಟ್ಟ ಗಾಡಿಗೆ ಹಿಂಗಾತಲ್ಲೋ. ಎಣ್ಣೆ ನೋಡಿದ್ರೆ ಮೇಲಿನ ಗೆರೆಯಾಗೇ ಐತೆ.”

ಅಪ್ಪನ ಮುಂದೆ ಆ ಹೊತ್ತು ಎರಡು ದಾರಿ ಇದ್ದವು. ಹೌದಪ್ಪ, ಎಂಜಿನ್ನು ಸವೆದಿದೆ ಎಂದು ಬಿಚ್ಚಿಬಿಟ್ಟರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಗಾಡಿಗೆ ವಯಸ್ಸಾಯಿತು ಎಂದು ಊರು ನಂಬುತ್ತಿತ್ತು. ಹಬ್ಬಕ್ಕೆ ಬಾಗಿಲು ಮುಚ್ಚಿ ಮಾನವಾಗಿ ಮಿಲ್ಲಿಗೆ ಹೋಗಬಹುದಿತ್ತು. ಇಲ್ಲವೆಂದರೆ ತನಗೆ ಮೂಗಿಲ್ಲ ಎಂದು ಬೆಂಚಿನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅವನ ಕೈ ದೊಡ್ಡ ಸ್ಪ್ಯಾನರಿನ ಮೇಲೆ ಹೋಗಿ ಕೂತದ್ದನ್ನು ನಾನು ನೋಡಿದೆ. ಆಗ ಒಳಗಿಂದ ಮುಚ್ಚಳದ ಸದ್ದು ಬಂತು. ಒಂದು, ಎರಡು, ಮೂರು. ಮೂರು ಸಲ ಬಡಿಯುವುದಕ್ಕೆ ನಮ್ಮ ಮನೆಯಲ್ಲಿ ಅರ್ಥವೇ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅಮ್ಮ ಸೌಟು ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಹೊಸ್ತಿಲು ದಾಟಿ ಗ್ಯಾರೇಜಿನೊಳಗೆ ಬಂದಳು. ಬೆಂಚಿನವರು ಎದ್ದು ನಿಂತರು.

“ಎಂಜಿನ್ ಬಿಚ್ಚಬ್ಯಾಡ್ರಿ,” ಎಂದಳು ಅಪ್ಪನಿಗೆ. ಗಾಡಿಯಿಂದ ಅಳತೆಯ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿದಳು. “ಇದು ಎಣ್ಣೆಯಲ್ಲ ಕಾಂಪೌಂಡ್ರೇ. ಅರ್ಧಕ್ಕರ್ಧ ಪೆಟ್ರೋಲು.”

ಕಾಂಪೌಂಡರ್ ಸಭ್ಯಸ್ಥ, ಆದರೂ ನಗು ತಡೆಯಲಾಗಲಿಲ್ಲ.

“ಅಕ್ಕ, ದುರ್ಗದ ಮೆಕ್ಯಾನಿಕ್ಕಿಗೇ ಗೊತ್ತಾಗಲಿಲ್ಲ. ಹನುಮಣ್ಣ ಇಲ್ಲೇ ನಿಂತಾನೆ, ಅವನ ಮೂಗಿಗಿಂತ ದೊಡ್ಡ ಮೂಗು ಯಾವುದೈತೆ? ಅವನೇ ಹೇಳ್ಲಿ.”

ಎಲ್ಲರೂ ಅಪ್ಪನನ್ನು ನೋಡಿದರು. ಅಮ್ಮ ಕಡ್ಡಿಯನ್ನು ಅವನ ಕೈಗೆ ಕೊಡಲಿಲ್ಲ, ತನ್ನ ಕೈಯಲ್ಲೇ ಇಟ್ಟುಕೊಂಡಳು. ಅಪ್ಪ ಸ್ಪ್ಯಾನರಿನಿಂದ ಕೈ ತೆಗೆದ. 

“ನಂಗೆ ಮೂಗಿಲ್ಲ ತಿಪ್ಪೇಸ್ವಾಮಿ. ಜ್ವರದಾಗೆ ಹೋತು. ಒಣಮೀನಿಗೂ ಹೆಸರುಕಾಳಿಗೂ ವ್ಯತ್ಯಾಸ ಗೊತ್ತಾಗಲ್ಲ. ಅವಳಿಗೆ ಗೊತ್ತಾಗತ್ತೆ. ಅವಳು ಪೆಟ್ರೋಲ್ ಅಂದ್ರೆ ಪೆಟ್ರೋಲೇ.”

ಯಾರೂ ನಗಲಿಲ್ಲ. ನನಗೆ ಆ ಕ್ಷಣ ಅಪ್ಪನ ಮೇಲೆ ಬಂದ ಪ್ರೀತಿಯನ್ನು ಈ ವಯಸ್ಸಿನಲ್ಲೂ ಅಳೆಯಲಾರೆ. ಇಷ್ಟು ದಿನ ಅವನು ಹೊತ್ತು ತಿರುಗುತ್ತಿದ್ದದ್ದನ್ನು ಸಂತೆಯ ಮುಂದೆ ಇಳಿಸಿ, ಹಗುರಾಗಿ ನಿಂತಿದ್ದ. ಕೆಲಸ ಶುರುವಾಯಿತು. ಅಮ್ಮ ಒಲೆಗೆ ನೀರು ಎರಚಿ ಬಂದಳು. ಅಪ್ಪ ಟ್ಯಾಂಕಿನಿಂದ ಪೆಟ್ರೋಲು ಬಿಡುವ ಕಾಕ್ ಮುಚ್ಚಿ, ಕಾರ್ಬೊರೇಟರನ್ನು ಗಾಡಿಯಿಂದ ಬಿಡಿಸಿ ತಟ್ಟೆಗೆ ತಂದ. ಅದರ ಹೊಟ್ಟೆಯೊಳಗೆ ಒಂದು ತೇಲುಬುಡ್ಡೆ ಇರುತ್ತದೆ. ಪೆಟ್ರೋಲು ಸಾಕಷ್ಟು ತುಂಬಿದಾಗ ಅದು ಮೇಲೆದ್ದು ಒಂದು ಸಣ್ಣ ಪಿನ್ನನ್ನು ಒತ್ತಿ ಪೆಟ್ರೋಲು ಬರುವ ಬಾಯಿ ಮುಚ್ಚಬೇಕು. ಅಪ್ಪ ಬುಡ್ಡೆಯನ್ನು ಬೆರಳಲ್ಲಿ ಎತ್ತಿ ಹಿಡಿದು, ನನಗೆ ಪೆಟ್ರೋಲು ಬರುವ ಪೈಪಿನಿಂದ ಊದಲು ಹೇಳಿದ. ಬಾಯಿ ಮುಚ್ಚಿದ್ದರೆ ಗಾಳಿ ಹೋಗಬಾರದು. ಸಲೀಸಾಗಿ ಹೋಯಿತು. ಪಿನ್ನು ಸವೆದಿತ್ತು, ಅದರ ಮೂತಿಗೆ ಟ್ಯಾಂಕಿನ ತುಕ್ಕು ಹಿಡಿದಿತ್ತು.

“ಹಂಗಿದ್ರೂ ಹೆಚ್ಚಾದ ಪೆಟ್ರೋಲು ಕೆಳಗಿನ ಪೈಪಿನಾಗೆ ನೆಲಕ್ಕೆ ಹನೀಬೇಕು. ಎಂಜಿನ್ನಿಗೆ ಯಾಕೆ ಹೋತು?” ಎಂದು ಅಪ್ಪ ತನಗೆ ತಾನೇ ಕೇಳಿಕೊಂಡ. ನಾನು ಆ ಸಣ್ಣ ಪೈಪನ್ನು ಎಳೆದು ನೋಡಿದೆ. ತುದಿಯಲ್ಲಿ ಏನೋ ಗಟ್ಟಿ. ಉಗುರಲ್ಲಿ ಹಿಡಿದು ಎಳೆದರೆ ಬೆರಳ ಗೆಣ್ಣಿನಷ್ಟುದ್ದದ ಒಂದು ಬೇವಿನ ಕಡ್ಡಿ, ನೀಟಾಗಿ ಕೆತ್ತಿ ಸಿಗಿಸಿದ್ದು, ಹೊರಗೆ ಬಂತು.

ಕಾಂಪೌಂಡರ್ ಅದನ್ನು ನೋಡಿ ಬೆಂಚಿನ ಮೇಲೆ ಕುಕ್ಕರಿಸಿದ.

“ನಾನೇ ಸಿಗಿಸಿದ್ದು. ಗಾಡಿ ಪಡಸಾಲೆಯಾಗೆ ನಿಲ್ಲಿಸ್ತೀನಿ. ಪೆಟ್ರೋಲು ಹನಿತಿತ್ತು, ದೇವರ ದೀಪ ಐತೆ, ಮನೆ ಸುಡ್ತೀಯಾ ಅಂತ ಹೆಂಡ್ತಿ ದಿನಾ ಬೈತಿದ್ಲು. ಹಲ್ಲುಜ್ಜೋ ಕಡ್ಡಿ ಮುರಿದು ಒಂದು ಬಿರಡೆ ಹಾಕಿದೆ. ಹನಿಯೋದು ನಿಂತೇ ಹೋತು.”

“ಕಾಕ್ ಮುಚ್ಚತಿದ್ದೆಯೇನಪ್ಪ, ಗಾಡಿ ನಿಲ್ಲಿಸಿದಾಗ?”

“ಅದ್ಯಾರು ಮುಚ್ಚತಾರೆ ಹನುಮಣ್ಣ, ದಿನಕ್ಕೆ ಇಪ್ಪತ್ತು ಸಲ ನಿಲ್ಲಿಸೋನು ನಾನು.”

ಹೊರಗೆ ದಾರಿ ಕಾಣದ ಪೆಟ್ರೋಲು ರಾತ್ರಿಯೆಲ್ಲ ಒಳಗೆ ಇಳಿದು ಎಣ್ಣೆಗೆ ಸೇರುತ್ತಿತ್ತು. ಊರೇ ಹೊಗಳಿದ ಉಪವಾಸದ ಗಾಡಿ ಕುಡಿಯುತ್ತಿದ್ದದ್ದು ಅದನ್ನು. ಅಪ್ಪ ಹೊಸ ಪಿನ್ನು ಹಾಕಿದ, ಪೆಟ್ರೋಲು ಹಾಯುವ ಸಣ್ಣ ಜೆಟ್ಟುಗಳನ್ನು ಊದಿ ತೊಳೆದ, ಟ್ಯಾಂಕಿನ ತುಕ್ಕು ಕುಲುಕಿ ಚೆಲ್ಲಿದ. ಮತ್ತೆ ಬುಡ್ಡೆ ಎತ್ತಿ ಹಿಡಿದಾಗ ನಾನು ಕೆನ್ನೆ ಊದಿಸಿ ಎಷ್ಟು ಊದಿದರೂ ಗಾಳಿ ಕದಲಲಿಲ್ಲ. ಕಾರ್ಬೊರೇಟರನ್ನು ಎಂಜಿನ್ನಿಗೆ ಕೂಡಿಸುವ ಕಡೆ ಒಂದು ರಬ್ಬರ್ ಉಂಗುರವನ್ನು ಕೂರಿಸಬೇಕು, ಅದು ಕೂದಲೆಳೆಯಷ್ಟು ಸರಿದರೂ ಗಾಳಿ ಎಳೆಯುತ್ತದೆ. ಆ ಸಂದಿಗೆ ಅಪ್ಪನ ಬೆರಳು ದಪ್ಪ, ಅದನ್ನು ಕೂರಿಸಿದ್ದು ನಾನು. ಹಳೇ ಎಣ್ಣೆ ಇಳಿಸಿ, ಹೊಸದು ಹಾಕಿ ಐದು ನಿಮಿಷ ಓಡಿಸಿ, ಅದನ್ನೂ ಇಳಿಸಿ, ಮತ್ತೆ ಹೊಸದು ಹಾಕಿದರು. ಎರಡನೇ ಸಲ ಇಳಿಸಿದ್ದನ್ನು ಅಮ್ಮ ಉಜ್ಜಿ ಮೂಸಿ, ಈಗ ಎಣ್ಣೆ ಎಣ್ಣೆಯ ಹಾಗಿದೆ ಎಂದಳು. ಗಾಡಿ ಎರಡನೇ ಕಿಕ್ಕಿಗೆ ಎದ್ದಿತು. ಅಪ್ಪ ಕಣ್ಣು ಮುಚ್ಚಿ ಸದ್ದು ಕೇಳುತ್ತ ತಿರುಪು ತಿರುಗಿಸಿದ, ಅಮ್ಮ ಸೈಲೆನ್ಸರಿನ ಹಿಂದೆ ನಿಂತು ಹೊಗೆಯ ವಾಸನೆ ಹೇಳಿದಳು. ಇನ್ನೂ ಹಸಿ ಪೆಟ್ರೋಲ್ ಐತೆ, ಇನ್ನೂ ಸ್ವಲ್ಪ, ಹಾಂ, ಅಲ್ಲೇ ಇರ್ಲಿ. ಅವರಿಬ್ಬರೂ ಜಗಳವಾಡದೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕಾಂಪೌಂಡರ್ ಗಾಡಿ ಹತ್ತಲು ಬಂದರೆ ಅಮ್ಮ ಬಿಡಲಿಲ್ಲ.

“ಮೂರು ದಿನ ಇಲ್ಲೇ ಇರ್ಲಿ. ಕಾಕ್ ತೆಗೆದೇ ಇಡಾಣ. ಎಣ್ಣೆ ಏರಿದ್ರೆ ನಮ್ಮ ಮಾತು ಸುಳ್ಳು, ನೀವು ದುರ್ಗಕ್ಕೇ ಹೋಗ್ರಿ, ಇವರೂ ಮಿಲ್ಲಿಗೆ ಹೋಗ್ಲಿ.”

ನಾನು ಕಡ್ಡಿಯ ಮೇಲೆ ಎಣ್ಣೆ ನಿಂತ ಜಾಗಕ್ಕೆ ಮೊಳೆಯಲ್ಲಿ ಗೀರಿದೆ. ಬಿರಡೆ ತೆಗೆದ ಪೈಪಿನ ಕೆಳಗೆ ಅಮ್ಮ ತನ್ನ ಊಟದ ತಟ್ಟೆಯನ್ನೇ ಇಟ್ಟಳು, ಒಂದು ಹನಿ ಬಿದ್ದರೂ ಕಾಣಬೇಕಲ್ಲ. ಒಳಗಿನ ಒಲೆ ಬಂದ್. ಮೂರು ದಿನ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಅಡುಗೆ. ಅಮ್ಮ ಮುತ್ತುಗದ ಎಲೆಯಲ್ಲಿ ಉಂಡಳು. ಬೆಂಚಿನವರು ಕೆಲಸವಿಲ್ಲದಿದ್ದರೂ ಬೆಳಗ್ಗೆ ಬಂದು ತಟ್ಟೆಯೊಳಗೆ ಇಣುಕಿ ಹೋಗುತ್ತಿದ್ದರು. ನಾಲ್ಕನೇ ಬೆಳಗ್ಗೆ ಕಾಂಪೌಂಡರ್ ಬಂದಾಗ ತಟ್ಟೆಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಕಡ್ಡಿ ಎಳೆದು ನನ್ನ ಕೈಗೆ ಕೊಟ್ಟ. ಎಣ್ಣೆ ನನ್ನ ಗೀರಿನ ಮೇಲೆ ಕೂದಲೆಳೆಯಷ್ಟೂ ಏರಿರಲಿಲ್ಲ. ಕಡ್ಡಿಯನ್ನು ಅಮ್ಮನ ಮೂಗಿನ ಹತ್ತಿರ ಹಿಡಿದೆ. ಅವಳು ಮೂಸಿ, ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಬೆಂಚಿನ ಮೇಲೆ ಚಪ್ಪಾಳೆ ಬಿತ್ತು. ಹೊಳಲ್ಕೆರೆಯಲ್ಲಿ ಕಾರ್ಬೊರೇಟರಿಗೆ ಚಪ್ಪಾಳೆ ಬಿದ್ದದ್ದು ಅವತ್ತೇ ಇರಬೇಕು.

ಈಗ ಆ ಗ್ಯಾರೇಜು ನನ್ನದು. ಹೊಸ ಗಾಡಿಗಳಿಗೆ ಕಾರ್ಬೊರೇಟರೇ ಇಲ್ಲ, ಆದರೆ ಹಳ್ಳಿಗಳಿಂದ ಹಳೆಯವು ಬರುತ್ತಲೇ ಇವೆ, ಚಿತ್ರದುರ್ಗದ ಪಕ್ಕದ ಮದಕರಿಪುರದಿಂದಲೂ ಹುಡುಕಿಕೊಂಡು ಬರುತ್ತಾರೆ. ಎಣ್ಣೆ ಏರಿದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ಮೊದಲು ಕಡ್ಡಿ ಎಳೆದು ಮೂಸುತ್ತೇನೆ. ಅನುಮಾನ ಬಂದರೆ ಒಳಗೆ ಅಮ್ಮನಿಗೆ ಕಳಿಸುತ್ತೇನೆ. ಕೆಲವು ಸಲ ಕಳಿಸುವ ಮುಂಚೆಯೇ ಅಡುಗೆಮನೆಯಿಂದ, ಯಾವುದೋ ಗಾಡಿ ಎಣ್ಣೆ ಕೆಟ್ಟೈತೆ ನೋಡು ಮಂಜಿ, ಎಂಬ ಕೂಗು ಬರುತ್ತದೆ. ಅಪ್ಪ ಕುರ್ಚಿಯಲ್ಲಿ ಕೂತು ಸದ್ದು ಕೇಳುತ್ತಾನೆ. ಅವನ ಮೂಗು ತಿರುಗಿ ಬರಲಿಲ್ಲ, ಮಿಲ್ಲಿಗೂ ಅವನು ಹೋಗಲಿಲ್ಲ.

ಆದರೆ ನಾವು ಗೆದ್ದದ್ದು ತಟ್ಟೆ ಒಣಗಿದ್ದ ಆ ಬೆಳಗ್ಗೆ ಅಲ್ಲ, ಅದಾಗಿ ಒಂದು ತಿಂಗಳಿಗೆ ಎಂದು ನನ್ನ ಲೆಕ್ಕ. ಕಾಂಪೌಂಡರ್ ಮುಖ ಸಪ್ಪೆ ಮಾಡಿಕೊಂಡು ಬಂದು ಗಾಡಿ ನಿಲ್ಲಿಸಿದ. ಕಾಕ್ ಮುಚ್ಚಿದ, ಅದು ಅಭ್ಯಾಸವಾಗಿತ್ತು. ಕಡ್ಡಿ ಎಳೆದು ತೋರಿಸಿದ.

“ಹನುಮಣ್ಣ, ಎಣ್ಣೆ ಒಂಚೂರು ಇಳಿದೈತಲ್ಲೋ.”

“ಇಳೀಬೇಕು ಕಣಪ್ಪ. ಈಗ ನಿನ್ನ ಗಾಡಿ ಹೊಟ್ಟೆ ತುಂಬ ಉಣ್ತಾ ಐತೆ.”

ಬೆಂಚು ನಕ್ಕಿತು, ಕಾಂಪೌಂಡರನೂ ನಕ್ಕ. ಮಧ್ಯಾಹ್ನವಾಗಿತ್ತು. ಒಳಗಿಂದ ಒಗ್ಗರಣೆಯ ಸದ್ದು ಬಂತು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ, ಕೇಳಿದರೆ ಹೇಳೋಣ ಎಂದು. ಅವನು ನನ್ನನ್ನು ಕೇಳಲಿಲ್ಲ. ಮೂಗನ್ನೂ ಮೇಲೆತ್ತಲಿಲ್ಲ. ಎಷ್ಟೋ ದಿನಗಳ ಮೇಲೆ, ರಸ್ತೆಗೆಲ್ಲ ಕೇಳುವಂತೆ ಕೂಗಿದ.

“ಕಮಲೀ, ಏನ್ ಸಾರು ಮಾಡೀಯೇ ಇವತ್ತು?”

 ಒಳಗೆ ಸೌಟು ನಿಂತಿತು. ಆಮೇಲೆ ಅಮ್ಮ, ಅವನಿಗಿಂತ ಜೋರಾಗಿ, ಬಸ್‌ಸ್ಟ್ಯಾಂಡಿನವರೆಗೂ ಕೇಳುವಂತೆ ಕೂಗಿ ಹೇಳಿದಳು.

“ಬಸ್ಸಾರು ಕಣ್ರಿ. ನಿಮಗೆ ಅಂತ ಶೇಂಗಾ ಹುರಿದು ಹಾಕೀನಿ, ಕರುಂ ಕರುಂ ಅಂತೈತೆ. ಬರ್ರಿ.”

ಅಪ್ಪ ಸ್ಪ್ಯಾನರ್ ಎತ್ತಿ ಮೇಜಿಗೆ ಎರಡೇಟು ಹಾಕಿದ.